80ಕ್ಕೆ ಬಂದರೆ ನಡುಗುವ ಪಿಕಪ್: ದೋಷ ಹುಡುಕುವ ಬಗೆ

ಊರೊಳಗೆ ಓಡಾಡುವಾಗ ಗಾಡಿ ಏನೂ ತಕರಾರು ಮಾಡುವುದಿಲ್ಲ. ಹೆದ್ದಾರಿ ಹತ್ತಿ ಮುಳ್ಳು 70 ದಾಟಿತೋ, ಸ್ಟೇರಿಂಗ್ ಅಂಗೈಯಲ್ಲಿ ಜುಮುಗುಟ್ಟಲು ಶುರು. ಕೆಲವು ಗಾಡಿಗಳಲ್ಲಿ ಸ್ಟೇರಿಂಗ್ ನೆಟ್ಟಗಿರುತ್ತದೆ, ಆದರೆ ಸೀಟಿನಡಿಯಿಂದ ಗುಂಯ್ಯೆನ್ನುವ ಅದುರು ಸೊಂಟಕ್ಕೆ ಹತ್ತುತ್ತದೆ, ಕನ್ನಡಿಯಲ್ಲಿ ಹಿಂದಿನ ಲಾರಿ ಒಂದಿದ್ದದ್ದು ಎರಡಾಗಿ ಕಾಣುತ್ತದೆ. ಗ್ಯಾರೇಜಿಗೆ ಹೋದರೆ ಒಬ್ಬರು 'ಅಲೈನ್‌ಮೆಂಟ್ ಮಾಡ್ಸಿ ಸಾರ್' ಎನ್ನುತ್ತಾರೆ. ಇನ್ನೊಬ್ಬರು ಟೈರ್ ಹೋಗಿದೆ ಎನ್ನುತ್ತಾರೆ. ಮೂರನೆಯವರು ಮಾತೇ ಆಡದೆ ಶಾಫ್ಟಿನ ಕ್ರಾಸ್ ಜಾಯಿಂಟ್ ಬಿಚ್ಚಲು ಗಾಡಿಯಡಿ ನುಗ್ಗುತ್ತಾರೆ. ಮೂರು ಬಿಲ್ ಕಟ್ಟಿದ ಮೇಲೂ ನಡುಕ ಇದ್ದಲ್ಲೇ ಇರುತ್ತದೆ.

ಇಲ್ಲಿ ಹೇಳುವುದೆಲ್ಲ ಹಿಂದಿನ ಚಕ್ರಕ್ಕೆ ಶಕ್ತಿ ಹೋಗುವ, ಹಿಂಭಾಗದಲ್ಲಿ ಸ್ಪ್ರಿಂಗ್ ಪ್ಲೇಟುಗಳಿರುವ ಪಿಕಪ್‌ಗಳ ಬಗ್ಗೆ. ಬೊಲೆರೊ ಪಿಕಪ್, ಟಾಟಾ ಯೋಧ, ಇಸುಜು ಡಿ-ಮ್ಯಾಕ್ಸ್ ಎಲ್ಲವೂ ಈ ಜಾತಿಯವೇ. ಇವುಗಳಲ್ಲಿ ನಡುಕ ಎಲ್ಲಿಂದ ಬರುತ್ತಿದೆ ಎಂದು ತಿಳಿಯಲು ಬಿಡಿಭಾಗ ಬದಲಿಸಬೇಕಾಗಿಲ್ಲ. ಮೊದಲು ಎಣಿಸಬೇಕು.

ವೇಗದಲ್ಲೇ ಏಕೆ?

ಗಾಡಿಯಲ್ಲಿ ತಿರುಗುವ ಭಾಗಗಳು ಮೂರು ಬಗೆ: ಚಕ್ರ, ಹಿಂದಿನ ಚಕ್ರಗಳಿಗೆ ಶಕ್ತಿ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್, ಎಂಜಿನ್. ಮೂರರ ವೇಗವೂ ಬೇರೆ ಬೇರೆ. 215/75 ಆರ್ 15 ಅಳತೆಯ ಟೈರನ್ನೇ ತೆಗೆದುಕೊಳ್ಳಿ. ಅದರ ಸುತ್ತಳತೆ ಹತ್ತಿರ ಹತ್ತಿರ 2.2 ಮೀಟರ್. ಗಂಟೆಗೆ 80 ಕಿ.ಮೀ. ಎಂದರೆ ಸೆಕೆಂಡಿಗೆ 22 ಮೀಟರ್ ಚಿಲ್ಲರೆ. ಅಂದರೆ ಚಕ್ರ ಸೆಕೆಂಡಿಗೆ 10 ಸುತ್ತು ಹೊಡೆಯುತ್ತದೆ. ಹಿಂದಿನ ಆಕ್ಸಲ್ ಹೌಸಿಂಗ್‌ನಲ್ಲಿ ಹಲ್ಲುಗಳ ಅನುಪಾತ ಸುಮಾರು 4 ಎಂದುಕೊಂಡರೆ ಶಾಫ್ಟ್ ಅದೇ ಹೊತ್ತಿನಲ್ಲಿ 40 ಸುತ್ತು ತಿರುಗಿರುತ್ತದೆ.

ಚಕ್ರದ ನಡುಕ ಎಣಿಸಬಹುದೇನೋ ಎನ್ನುವಷ್ಟು ನಿಧಾನ, ಕುಲುಕಿದಂತೆ. ಶಾಫ್ಟಿನದು ಎಣಿಸಲು ಬಾರದ, ಕಿವಿಗೂ ಕೇಳುವ ಗುಂಯ್ ಸದ್ದು. ಈ ವ್ಯತ್ಯಾಸ ಒಮ್ಮೆ ಮೈಗೆ ಪರಿಚಯವಾದರೆ ಅರ್ಧ ಕೆಲಸ ಮುಗಿದಂತೆ.

ತೂಕದ ಲೆಕ್ಕವೂ ಕೇಳಿ. 15 ಇಂಚಿನ ರಿಮ್ಮಿನ ಅಂಚಿನಲ್ಲಿ ಬರೀ 30 ಗ್ರಾಂ ಹೆಚ್ಚುಕಮ್ಮಿ ಇದ್ದರೂ 80 ಕಿ.ಮೀ. ವೇಗದಲ್ಲಿ ಅದು 2 ಕಿಲೋಗೂ ಮಿಕ್ಕಿದ ಭಾರದಂತೆ ಹೊರಕ್ಕೆ ಎಳೆಯುತ್ತದೆ, ಅದೂ ಸೆಕೆಂಡಿಗೆ 10 ಸಲ. ವೇಗ ಅರ್ಧವಾದರೆ ಈ ಎಳೆತ ನಾಲ್ಕನೇ ಒಂದಕ್ಕೆ ಇಳಿಯುತ್ತದೆ. ಊರೊಳಗೆ 40ರಲ್ಲಿ ಏನೂ ಗೊತ್ತಾಗದಿರುವುದು ಇದಕ್ಕೇ. ಇನ್ನೊಂದು ಕಾರಣವೂ ಇದೆ. ಸ್ಪ್ರಿಂಗ್ ಮತ್ತು ಟೈರ್ ನಡುವೆ ಸಿಕ್ಕಿಕೊಂಡಿರುವ ಆಕ್ಸಲ್‌ಗೆ ತನ್ನದೇ ಆದ ಕುಣಿತವಿದೆ, ಸೆಕೆಂಡಿಗೆ ಸುಮಾರು 10ರಿಂದ 15 ಸಲ. ಚಕ್ರದ ಸುತ್ತು ಆ ಲೆಕ್ಕಕ್ಕೆ ಕೂಡಿದಾಗ ಸಣ್ಣ ದೋಷವೂ ದೊಡ್ಡದಾಗುತ್ತದೆ, ದಾಟಿದರೆ ತಗ್ಗುತ್ತದೆ.

'95ಕ್ಕೆ ಹೋದ್ರೆ ಸರಿಹೋಗುತ್ತೆ' ಎಂದು ಚಾಲಕರು ಹೇಳುವುದು ಸುಳ್ಳಲ್ಲ. ಆದರೆ ಅದು ಚಿಕಿತ್ಸೆಯೂ ಅಲ್ಲ. ಕೇಂದ್ರ ಸರ್ಕಾರದ 2018ರ ಅಧಿಸೂಚನೆಯ ಪ್ರಕಾರ ನಾಲ್ಕು ಪಥದ ಹೆದ್ದಾರಿಯಲ್ಲಿ ಸರಕು ವಾಹನಕ್ಕೆ ಗರಿಷ್ಠ ವೇಗವೇ 80. ದಿನವಿಡೀ ಓಡಬೇಕಾದ ವೇಗದಲ್ಲೇ ನಡುಕ ಕಾಡುತ್ತಿದೆ ಎಂದಾಯಿತು.

ಮೊದಲು ರಸ್ತೆಯ ಮೇಲೆ

ಜಾಕ್ ತೆಗೆಯುವ ಮುಂಚೆ ವಾಹನ ಸಂಚಾರ ಕಡಿಮೆಯಿರುವ, ನೇರವಾದ, ಸಮತಟ್ಟಾದ ರಸ್ತೆಯಲ್ಲಿ ಒಂದು ಸುತ್ತು ಹೋಗಿ ಬನ್ನಿ. ಜತೆಗೆ ಇನ್ನೊಬ್ಬರು ಇರಲಿ. ಬರೆದುಕೊಳ್ಳುವುದು ಅವರ ಕೆಲಸ, ಓಡಿಸುವುದಷ್ಟೇ ನಿಮ್ಮದು.

1. ನಡುಕ ಯಾವ ವೇಗದಲ್ಲಿ ಶುರುವಾಗುತ್ತದೆ, ಎಲ್ಲಿ ಜೋರಾಗುತ್ತದೆ, ಮುಂದೆ ತಗ್ಗುತ್ತದೆಯೇ ಎಂದು ಗುರುತು ಹಾಕಿ. ಮೀಟರಿನ ಮುಳ್ಳು ಸಾಮಾನ್ಯವಾಗಿ ತುಸು ಹೆಚ್ಚೇ ತೋರಿಸುತ್ತದೆ. ಮೊಬೈಲಿನ ಜಿಪಿಎಸ್ ವೇಗ ಬರೆದುಕೊಳ್ಳುವುದು ಮೇಲು.

2. ಅದೇ ವೇಗ ಕಾಯ್ದುಕೊಂಡು 5ನೇ ಗೇರಿನಿಂದ 4ಕ್ಕೆ ಬನ್ನಿ. ಎಂಜಿನ್ ಈಗ ಜೋರಾಗಿ ತಿರುಗುತ್ತದೆ. ಚಕ್ರ ಮತ್ತು ಶಾಫ್ಟ್ ಮೊದಲಿನ ವೇಗದಲ್ಲೇ ಇರುತ್ತವೆ. ನಡುಕ ಬದಲಾಗದಿದ್ದರೆ ಎಂಜಿನ್ ನಿರಪರಾಧಿ.

3. ಆಕ್ಸಿಲರೇಟರ್ ಬಿಟ್ಟು ಕ್ಲಚ್ ಒತ್ತಿ, ಗಾಡಿ ತಾನಾಗಿ ಉರುಳಲಿ. ಆಗಲೂ ನಡುಗಿದರೆ ಚಕ್ರ ಅಥವಾ ಶಾಫ್ಟ್. ಆಕ್ಸಿಲರೇಟರ್ ಒತ್ತಿದಾಗ ಮಾತ್ರ ಗುಂಯ್ ಎಂದು, ಬಿಟ್ಟ ಕೂಡಲೇ ನಿಂತರೆ ಕ್ರಾಸ್, ಸೆಂಟರ್ ಬೇರಿಂಗ್, ಶಾಫ್ಟಿನ ಕೋನ ಇವುಗಳ ಕಡೆ ನೋಡಿ.

4. ಬ್ರೇಕ್ ಒತ್ತಿದಾಗ ಮಾತ್ರ ನಡುಗುತ್ತದೆಯೇ? ಸ್ಟೇರಿಂಗ್ ಕುಣಿದರೆ ಮುಂದಿನ ಡಿಸ್ಕ್, ಪೆಡಲ್ ಮತ್ತು ಸೀಟು ಮಿಡಿದರೆ ಹೆಚ್ಚಾಗಿ ಹಿಂದಿನ ಡ್ರಮ್. ಟೈರ್ ಅಂಗಡಿಗೆ ಹೋಗುವ ಅಗತ್ಯವೇ ಇಲ್ಲ.

5. ಖಾಲಿ ಗಾಡಿಯಲ್ಲಿ ಒಮ್ಮೆ, ಲೋಡು ಹಾಕಿ ಒಮ್ಮೆ ನೋಡಿ. ಇದನ್ನು ಯಾರೂ ಮಾಡುವುದಿಲ್ಲ, ಪಿಕಪ್‌ನಲ್ಲಿ ಅತಿ ಹೆಚ್ಚು ಸುಳಿವು ಸಿಗುವುದೇ ಇದರಿಂದ. ಯಾಕೆಂದು ಮುಂದೆ ಹೇಳುತ್ತೇನೆ.

6. ಗಾಡಿ ನಿಂತಿರುವಾಗ ನ್ಯೂಟ್ರಲ್‌ನಲ್ಲಿ ಎಂಜಿನನ್ನು ಅಷ್ಟೇ ಜೋರಾಗಿ ತಿರುಗಿಸಿ. ಆಗಲೂ ಅದುರಿದರೆ ಎಂಜಿನ್ ಮೌಂಟಿಂಗ್ ರಬ್ಬರ್, ರೆಕ್ಕೆ ಮುರಿದ ಫ್ಯಾನ್, ಕ್ಲಚ್ ಇವುಗಳನ್ನು ನೋಡಬೇಕು. ಅದು ಬೇರೆಯದೇ ಕಥೆ, ಇಲ್ಲಿಗೆ ಬಿಡೋಣ.

ಎಚ್ಚರಿಕೆ: ಉರುಳುವ ಗಾಡಿಯಲ್ಲಿ ಕೀ ತಿರುಗಿಸಿ ಎಂಜಿನ್ ಆರಿಸಲೇಬೇಡಿ. ಪವರ್ ಸ್ಟೇರಿಂಗ್ ಬಿಗಿಯಾಗುತ್ತದೆ, ನಾಲ್ಕಾರು ಸಲ ಒತ್ತಿದ ಮೇಲೆ ಬ್ರೇಕ್ ಕಲ್ಲಾಗುತ್ತದೆ. ಇಳಿಜಾರಿನಲ್ಲಿ ಕ್ಲಚ್ ಪರೀಕ್ಷೆಯೂ ಬೇಡ.

ಮೈಯ ಅಂದಾಜು ಸಾಲದೆನ್ನುವವರಿಗೆ ಮೊಬೈಲೇ ಉಪಕರಣ. ಅದುರನ್ನು ಅಳೆದು ಸೆಕೆಂಡಿಗೆ ಎಷ್ಟು ಸಲ ಎಂದು ತೋರಿಸುವ ಉಚಿತ ಆ್ಯಪ್‌ಗಳಿವೆ. ಮೊಬೈಲನ್ನು ಕೈಯಲ್ಲಿ ಹಿಡಿಯದೆ ಗಾಡಿಯ ನೆಲಕ್ಕೆ ಟೇಪಿನಿಂದ ಅಂಟಿಸಿ. ನಿಮ್ಮ ಟೈರಿನ ಮೇಲೆ ಸೀಮೆಸುಣ್ಣದ ಗೆರೆ ಎಳೆದು, ಗಾಡಿಯನ್ನು ಒಂದು ಸುತ್ತಿನಷ್ಟು ತಳ್ಳಿ, ನೆಲದ ಮೇಲೆ ಅಳೆದರೆ ಸುತ್ತಳತೆ ಸಿಕ್ಕಿತು. 80 ಕಿ.ಮೀ. ವೇಗದಲ್ಲಿ ಆ್ಯಪ್ 10ರ ಆಸುಪಾಸು ತೋರಿಸಿದರೆ ಚಕ್ರ, 20 ತೋರಿಸಿದರೆ ಬಹುಶಃ ಮೊಟ್ಟೆಯಾಕಾರಕ್ಕೆ ತಿರುಗಿದ ಟೈರ್, 40 ತೋರಿಸಿದರೆ ಶಾಫ್ಟ್. ಮೆಕ್ಯಾನಿಕ್‌ಗೆ 'ಅದುರುತ್ತೆ ನೋಡಪ್ಪ' ಎನ್ನುವುದಕ್ಕೂ ಈ ಅಂಕಿ ತೋರಿಸುವುದಕ್ಕೂ ಬಹಳ ವ್ಯತ್ಯಾಸವಿದೆ.

ಚಕ್ರದಲ್ಲಿ ನೋಡಬೇಕಾದ್ದು

ಹೆದ್ದಾರಿ ನಡುಕದ ಬಹುಪಾಲು ಪ್ರಕರಣಗಳು ಇಲ್ಲೇ ಮುಗಿಯುತ್ತವೆ. ಖರ್ಚಿಲ್ಲದ್ದನ್ನು ಮೊದಲು ಮಾಡಿ.

1. ರಿಮ್ಮಿನ ಒಳಮೈ ತೊಳೆಯಿರಿ. ಗದ್ದೆ ಬದು, ಇಟ್ಟಿಗೆ ಗೂಡು, ಕ್ವಾರಿ ಓಡಾಡುವ ಗಾಡಿಯ ರಿಮ್ಮಿನೊಳಗೆ ಒಣಗಿದ ಕೆಸರು ಅಂಗೈಯಷ್ಟು ಅಂಟಿರುತ್ತದೆ, ಹೊರಗಿನಿಂದ ಕಾಣದು. ನೂರು ಗ್ರಾಂ ಕೆಸರು ಸಾಕು. ಮಳೆಗಾಲದಲ್ಲಿ ಏಕಾಏಕಿ ಶುರುವಾದ ನಡುಕಕ್ಕೆ ನೀರಿನ ಪೈಪೇ ಮೊದಲ ಮದ್ದು.

2. ಗಾಳಿ. ಬಾಗಿಲಿನ ಕಂಬದ ಮೇಲೋ ಕೈಪಿಡಿಯಲ್ಲೋ ಮುಂದಿನ, ಹಿಂದಿನ ಚಕ್ರಗಳಿಗೆ ಬೇರೆ ಬೇರೆ ಅಳತೆ ಕೊಟ್ಟಿರುತ್ತಾರೆ. ಟೈರ್ ತಣ್ಣಗಿರುವಾಗ ನೋಡಿ. ಪೂರ್ತಿ ಲೋಡಿಗೆ ಹೊಡೆಸಿದ ಗಾಳಿಯಲ್ಲೇ ಖಾಲಿ ಓಡಿಸಿದರೆ ಹಿಂಭಾಗ ಪುಟಿಯುತ್ತದೆ. ಅದನ್ನು ದೋಷವೆಂದು ಗ್ಯಾರೇಜಿಗೆ ಒಯ್ಯಬೇಡಿ.

3. ಲೋಡು ಹೊತ್ತು ರಾತ್ರಿಯಿಡೀ ನಿಂತ ಗಾಡಿಯ ಟೈರ್ ನೆಲ ಮುಟ್ಟಿದಲ್ಲಿ ಚಪ್ಪಟೆಯಾಗಿರುತ್ತದೆ. ಬೆಳಿಗ್ಗೆ ಕೆಲವು ಕಿ.ಮೀ. ನಡುಗಿ ಟೈರ್ ಬಿಸಿಯಾದ ಮೇಲೆ ಸರಿಹೋದರೆ ಚಿಂತೆ ಬೇಡ.

4. ಚಕ್ರ ಎತ್ತಿ ನಿಧಾನ ತಿರುಗಿಸಿ. ಪಕ್ಕದಲ್ಲಿ ಇಟ್ಟಿಗೆಯ ಮೇಲೆ ಒಂದು ಕಡ್ಡಿ ಆನಿಸಿ, ತುದಿ ಟೈರಿಗೆ ತಾಗಿಯೂ ತಾಗದಂತಿರಲಿ. ತಿರುಗುವಾಗ ಕಡ್ಡಿಗೂ ಟೈರಿಗೂ ನಡುವಿನ ಸಂದು ಒಂದೂವರೆ ಮಿಲಿಮೀಟರಿಗಿಂತ ಹೆಚ್ಚು ಏರಿಳಿದರೆ ಅನುಮಾನಿಸಿ. ಅದೇ ಕಡ್ಡಿಯನ್ನು ರಿಮ್ಮಿನ ಅಂಚಿಗೂ ಹಿಡಿಯಿರಿ. ರಿಮ್ ನೇರವಿದ್ದು ಟೈರ್ ಮಾತ್ರ ಕುಣಿದರೆ ದೋಷ ಟೈರಿನದ್ದು. ತೆಳ್ಳನೆಯ ಕೈಗವಸು ಹಾಕಿಕೊಂಡು ಟೈರಿನ ಮೈಮೇಲೆ ಕೈಯಾಡಿಸಿ. ಎಲ್ಲೋ ಒಂದು ಕಡೆ ಉಬ್ಬು ತಗುಲಿದರೆ ಒಳಗಿನ ತಂತಿಪದರ ಬಿಟ್ಟುಕೊಂಡಿದೆ ಎಂದರ್ಥ. ಆ ಟೈರಿನಲ್ಲಿ ಇನ್ನೊಂದು ಟ್ರಿಪ್ ಕೂಡ ಬೇಡ.

5. ಸ್ಟೆಪ್ನಿ ಪರೀಕ್ಷೆ. ಸ್ಟೆಪ್ನಿ ಅದೇ ಅಳತೆಯದಾಗಿದ್ದು ಚೆನ್ನಾಗಿದ್ದರೆ ಒಂದೊಂದೇ ಚಕ್ರದ ಜಾಗಕ್ಕೆ ಹಾಕಿ ಓಡಿಸಿ ನೋಡಿ. ಇಲ್ಲವೇ ಮುಂದಿನ ಎರಡನ್ನೂ ಹಿಂದಕ್ಕೆ ಹಾಕಿ. ಸ್ಟೇರಿಂಗಿನ ನಡುಕ ಸೀಟಿಗೆ ಬಂತು ಎಂದರೆ ಕಳ್ಳ ಚಕ್ರದಲ್ಲೇ ಇದ್ದಾನೆ. ಜಾಗ ಬದಲಾಗಲಿಲ್ಲವೋ, ಹಬ್, ಬೇರಿಂಗ್ ಅಥವಾ ಶಾಫ್ಟ್.

ಇನ್ನು ಬ್ಯಾಲೆನ್ಸಿಂಗ್. 'ಮೊನ್ನೆ ತಾನೇ ಮಾಡ್ಸಿದೀನಿ' ಎನ್ನುವವರ ಗಾಡಿಯೂ ನಡುಗುತ್ತದೆ, ಅದಕ್ಕೆ ಕಾರಣ ಹಲವು ಸಲ ಯಂತ್ರದ ಮೇಲೆ ಚಕ್ರ ಕೂರಿಸಿದ ರೀತಿ. ಕೋನ್ ಸರಿಯಾಗಿ ಕೂರದೆ ಚಕ್ರ ಒಂದು ಕೂದಲೆಳೆ ಪಕ್ಕಕ್ಕೆ ಸರಿದಿದ್ದರೂ ಯಂತ್ರ ಆ ತಪ್ಪನ್ನೇ ಅಳೆದು, ಆ ತಪ್ಪಿಗೇ ಸೀಸ ಹಚ್ಚಿಸಿ, ಕೊನೆಗೆ ಎರಡೂ ಕಡೆ ಸೊನ್ನೆ ತೋರಿಸುತ್ತದೆ. ಇದನ್ನು ಹಿಡಿಯಲು ಒಂದು ಉಪಾಯವಿದೆ. ಸೊನ್ನೆ ಬಂದ ಮೇಲೆ ಕೋನ್ ಸಡಿಲಿಸಿ, ಚಕ್ರವನ್ನು ಅರ್ಧ ಸುತ್ತು ತಿರುಗಿಸಿ, ಮತ್ತೆ ಬಿಗಿದು ಓಡಿಸಲು ಹೇಳಿ. ಮತ್ತೆ ಸೊನ್ನೆಯ ಹತ್ತಿರವೇ ಬಂದರೆ ಕೆಲಸ ಸರಿ. 15, 20 ಗ್ರಾಂ ತೋರಿಸಿತೋ, ಮೊದಲ ಸೊನ್ನೆ ಸುಳ್ಳು. ಅಂಗಡಿಯ ಹುಡುಗ ಮುಖ ಗಂಟಿಕ್ಕಬಹುದು, ಪರವಾಗಿಲ್ಲ, ದುಡ್ಡು ನಿಮ್ಮದು.

ಗಾಡಿಗೆ ಚಕ್ರ ಕೂರಿಸುವಾಗಲೂ ಇದೇ ಮಾತು. ಹಬ್ಬಿಗೂ ರಿಮ್ಮಿಗೂ ನಡುವೆ ತುಕ್ಕಿನ ಹೆಪ್ಪು, ದಪ್ಪ ಪೇಂಟು, ಮಣ್ಣು ಇದ್ದರೆ ಚಕ್ರ ಓರೆಯಾಗಿ ಕೂರುತ್ತದೆ. ತಂತಿ ಬ್ರಷ್‌ನಿಂದ ಉಜ್ಜಿ ಒರೆಸಿ. ಚಕ್ರ ನೆಲದಿಂದ ಮೇಲಿರುವಾಗಲೇ ನಟ್‌ಗಳನ್ನು ಕೈಯಿಂದ ತಿರುಗಿಸಿ, ಆಮೇಲೆ ಪಾನಾ ಹಾಕಿ ಒಂದರ ಎದುರಿಗೆ ಒಂದು ಎಂಬಂತೆ ಬಿಗಿಯಿರಿ. ಪಂಕ್ಚರ್ ಅಂಗಡಿಯಲ್ಲಿ ಏರ್ ಗನ್ ಹಿಡಿದು ಮೊದಲ ನಟ್ಟನ್ನೇ ಪೂರ್ತಿ ಬಿಗಿದರೆ ರಿಮ್ ಆ ಕಡೆಗೆ ವಾಲಿ ಅಲ್ಲೇ ಕಚ್ಚಿಕೊಳ್ಳುತ್ತದೆ.

ಕೊನೆಗೆ ಚಕ್ರದ ಆಟ, ಅಂದರೆ ಸಡಿಲ, ನೋಡುವುದು. ಎತ್ತಿದ ಮುಂದಿನ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿ. ಲಟಕ್ ಎಂದರೆ ಒಳಗಿರುವವರಿಗೆ ಬ್ರೇಕ್ ಒತ್ತಿ ಹಿಡಿಯಲು ಹೇಳಿ ಮತ್ತೆ ಅಲುಗಿಸಿ. ಆಟ ಮಾಯವಾದರೆ ವೀಲ್ ಬೇರಿಂಗ್, ಉಳಿದರೆ ಬಾಲ್ ಜಾಯಿಂಟ್ ಅಥವಾ ಕಿಂಗ್‌ಪಿನ್. ಎಡ ಬಲ ಹಿಡಿದು ಅಲುಗಿಸಿದಾಗ ಮಾತ್ರ ಆಟ ಕಂಡರೆ ಟೈ ರಾಡ್. ಸವೆದ ಜಾಯಿಂಟ್ ತಾನಾಗಿ ನಡುಕ ಹುಟ್ಟಿಸುವುದು ಕಡಿಮೆ, ಆದರೆ ಟೈರಿನ ಸಣ್ಣ ನಡುಕವನ್ನು ಸ್ಟೇರಿಂಗಿನವರೆಗೆ ಬೆಳೆಸಿ ತಲುಪಿಸುತ್ತದೆ.

ಶಾಫ್ಟಿನ ಮರ್ಮ

ಶಾಫ್ಟಿನ ಎರಡು ತುದಿಗಳಲ್ಲಿರುವ ಕ್ರಾಸ್ ಜಾಯಿಂಟ್ ಹಳೆಯ ವಿದ್ಯೆ. 17ನೇ ಶತಮಾನದ ಇಂಗ್ಲಿಷ್ ವಿಜ್ಞಾನಿ ರಾಬರ್ಟ್ ಹುಕ್‌ನ ಹೆಸರು ಇಂದಿಗೂ ಅದಕ್ಕಿದೆ. ಅದರ ಗುಣವೊಂದನ್ನು ತಿಳಿದಿರಬೇಕು. ಬಾಗಿದ ಕೋನದಲ್ಲಿ ತಿರುಗುವಾಗ ಕ್ರಾಸ್‌ನ ಆಚೆಗಿನ ಶಾಫ್ಟ್ ಒಂದೇ ವೇಗದಲ್ಲಿ ತಿರುಗುವುದಿಲ್ಲ. ಪ್ರತಿ ಸುತ್ತಿಗೂ ಎರಡು ಸಲ ಮುಂದೆ ಓಡಿ ಎರಡು ಸಲ ಹಿಂದೆ ಉಳಿಯುತ್ತದೆ. ಇನ್ನೊಂದು ತುದಿಯ ಕ್ರಾಸ್ ಇದಕ್ಕೆ ಸರಿಯಾಗಿ ಉಲ್ಟಾ ಮಾಡಿ ಏರಿಳಿತವನ್ನು ಹೊಡೆದುಹಾಕುತ್ತದೆ. ಇದಕ್ಕೆ ಎರಡು ಷರತ್ತು: ಶಾಫ್ಟಿನ ಎರಡು ತುದಿಯ ಕವಲುಗಳು ಒಂದೇ ನೇರಕ್ಕಿರಬೇಕು, ಎರಡೂ ಕಡೆಯ ಕೋನ ಸಮವಿರಬೇಕು.

ನಮ್ಮ ಪಿಕಪ್‌ಗಳಲ್ಲಿ ಈ ಎರಡೂ ಷರತ್ತುಗಳನ್ನು ನಾವೇ ಮುರಿಯುತ್ತೇವೆ.

ಮೊದಲನೆಯದು ಕ್ರಾಸ್ ಬದಲಿಸುವಾಗ. ಶಾಫ್ಟನ್ನು ಜಾರು ತುದಿಯಲ್ಲಿ ಎಳೆದು ಬಿಡಿಸಿ, ಮತ್ತೆ ತೂರಿಸುವಾಗ ಒಂದೇ ಹಲ್ಲು ಆಚೀಚೆಯಾದರೂ ಕವಲುಗಳ ನೇರ ತಪ್ಪಿತು. ಹೊಸ ಕ್ರಾಸ್ ಹಾಕಿಸಿದ ಮೇಲೆಯೇ ನಡುಕ ಶುರುವಾಯಿತು ಎನ್ನುವ ದೂರಿನ ಹಿಂದೆ ಹಲವು ಸಲ ಇರುವುದು ಇದೇ. ಬಹಳಷ್ಟು ಶಾಫ್ಟ್‌ಗಳ ಮೇಲೆ ಎರಡು ಸಣ್ಣ ಬಾಣದ ಗುರುತು ಕೊರೆದಿರುತ್ತಾರೆ, ಗ್ರೀಸು ಧೂಳಿನ ಅಡಿಯಲ್ಲಿ ಮುಚ್ಚಿಹೋಗಿರುತ್ತವೆ. ಡೀಸೆಲ್‌ನಲ್ಲಿ ತೊಳೆದು ಹುಡುಕಿ. ಸಿಗದಿದ್ದರೆ ಬಿಚ್ಚುವ ಮುಂಚೆ ಎರಡೂ ತುಂಡಿನ ಮೇಲೆ, ಹಾಗೆಯೇ ಹೌಸಿಂಗ್‌ನ ಫ್ಲ್ಯಾಂಜ್ ಮೇಲೂ ಬಿಳಿ ಪೇಂಟಿನಿಂದ ಗೆರೆ ಎಳೆಯಿರಿ.

ಎರಡನೆಯದು ಎಕ್ಸ್‌ಟ್ರಾ ಪ್ಲೇಟು. ಟೊಮೆಟೊ ಕ್ರೇಟು ಜಾಸ್ತಿ ಹೇರಲು ಸ್ಪ್ರಿಂಗಿಗೆ ಎರಡು ಪ್ಲೇಟು ಸೇರಿಸುವುದು ನಮ್ಮಲ್ಲಿ ಮಾಮೂಲು. ಖಾಲಿಯಿರುವಾಗ ಗಾಡಿಯ ಹಿಂಭಾಗ ಎತ್ತರಕ್ಕೆ ನಿಲ್ಲುತ್ತದೆ, ಶಾಫ್ಟಿನ ಕೋನ ಕೆಡುತ್ತದೆ. ಲೋಡು ಬಿದ್ದಾಗ ಕೋನ ಸರಿಯಾಗಿ ನಡುಕ ನಿಲ್ಲುತ್ತದೆ. ಖಾಲಿ ಬರುವಾಗ ಗುಂಯ್, ತುಂಬಿ ಹೋಗುವಾಗ ಸುಮ್ಮನೆ ಎಂದರೆ ಕ್ರಾಸ್ ಬದಲಿಸಿ ದುಡ್ಡು ಕಳೆಯಬೇಡಿ, ಪ್ಲೇಟು ಎಣಿಸಿ. ಉಲ್ಟಾ ಆದರೆ, ಅಂದರೆ ಲೋಡಿನಲ್ಲಿ ಮಾತ್ರ ನಡುಕವಿದ್ದರೆ, ಪ್ಲೇಟು ತುಂಡಾಗಿದೆಯೇ, ಸೆಂಟರ್ ಬೋಲ್ಟ್ ಕತ್ತರಿಸಿದೆಯೇ, ಯು-ಬೋಲ್ಟ್ ಸಡಿಲವಾಗಿದೆಯೇ ನೋಡಿ.

ಗಾಡಿಯಡಿ ಹೋಗುವ ಮುಂಚೆ: ಎಂಜಿನ್ ಆರಿಸಿ, ಸೈಲೆನ್ಸರ್ ತಣ್ಣಗಾಗಲಿ, ನೆಲದ ಮೇಲಿರುವ ಚಕ್ರಗಳಿಗೆ ಹಿಂದೆ ಮುಂದೆ ಅಡ್ಡಗಲ್ಲು ಕೊಡಿ. ಬರೀ ಜಾಕ್ ನಂಬಿ ಗಾಡಿಯಡಿ ಮಲಗಬಾರದು, ಕಬ್ಬಿಣದ ಸ್ಟ್ಯಾಂಡ್ ಬೇಕೇಬೇಕು. ಒಳಗೆ ನೋಡಬೇಕಾದ್ದು ಇಷ್ಟು.

1. ಕ್ರಾಸ್‌ನ ನಾಲ್ಕು ಬಟ್ಟಲುಗಳ ಬಾಯಿಯಲ್ಲಿ ಅರಿಶಿನ ಕುಂಕುಮ ಬೆರೆತಂಥ ಕೆಂಪು ಪುಡಿ ಕಂಡರೆ ಒಳಗಿನ ಸೂಜಿ ಬೇರಿಂಗ್ ಒಣಗಿ ಸವೆದಿದೆ. ಗ್ರೀಸ್ ಹೊಡೆದು ಉಳಿಸಲಾಗದು. ಚೆನ್ನಾಗಿರುವ ಕ್ರಾಸ್‌ಗೆ ನಿಪ್ಪಲ್ ಇದ್ದರೆ ನಾಲ್ಕೂ ಬಾಯಿಯಿಂದ ಹೊಸ ಗ್ರೀಸ್ ಹೊರಬರುವವರೆಗೆ ಹೊಡೆಯಿರಿ. ಮೂರರಲ್ಲಿ ಬಂದು ಒಂದರಲ್ಲಿ ಬರದಿದ್ದರೆ ಆ ಒಂದೇ ಮುಂದೆ ಕೈಕೊಡುವುದು.

2. ಎರಡು ತುಂಡಿನ ಶಾಫ್ಟ್ ಆದರೆ ನಡುವಿನ ಸೆಂಟರ್ ಬೇರಿಂಗ್ ಹಿಡಿದ ರಬ್ಬರನ್ನು ಕೈಯಿಂದ ಮೇಲೆ ಕೆಳಗೆ ಒತ್ತಿ. ತುಸು ಬಳುಕುವುದು ಸಹಜ. ಹರಿದು ಜೋತಿದ್ದರೆ ಬದಲಿಸಲೇಬೇಕು.

3. ಕೊಳವೆಯ ಮೇಲೆ ನಗ್ಗು, ಡಾಂಬರಿನ ಮುದ್ದೆ, ಸುತ್ತಿಕೊಂಡ ನೈಲಾನ್ ಹಗ್ಗ, ಹುಲ್ಲಿನ ಹುರಿ ಹುಡುಕಿ. ಕೊಳವೆಗೆ ಬೆಸೆದ ಸಣ್ಣ ತಗಡಿನ ಬಿಲ್ಲೆ ಎಂದರೆ ಅದು ಬ್ಯಾಲೆನ್ಸ್ ತೂಕ. ಬಿಲ್ಲೆ ಕಿತ್ತುಹೋಗಿ ಬೆಸುಗೆಯ ಗುರುತು ಮಾತ್ರ ಉಳಿದಿದ್ದರೆ ಶಾಫ್ಟನ್ನು ಬ್ಯಾಲೆನ್ಸಿಂಗ್ ಯಂತ್ರವಿರುವ ಅಂಗಡಿಗೇ ಒಯ್ಯಬೇಕು. ಅಂದಾಜಿಗೆ ವೆಲ್ಡ್ ಮಾಡಿಸುವುದು ಕೆಲಸಕ್ಕೆ ಬಾರದು.

ಸಾಮಾನ್ಯ ತಪ್ಪುಗಳು

ಅಲೈನ್‌ಮೆಂಟಿನಿಂದ ನಡುಕ ಹೋಗುವುದಿಲ್ಲ. ಗಾಡಿ ಒಂದು ಕಡೆಗೆ ಎಳೆಯುವುದು, ಟೈರ್ ಓರೆಯಾಗಿ ಸವೆಯುವುದು ಅದರ ಕೆಲಸದ ವ್ಯಾಪ್ತಿ. ಅಡ್ಡಾದಿಡ್ಡಿ ಸವೆದ ಟೈರ್ ಆಮೇಲೆ ನಡುಗಬಹುದು, ಆದರೆ ಆಗ ಅಲೈನ್‌ಮೆಂಟ್ ಮಾಡಿಸಿದರೂ ಸವೆದದ್ದು ತುಂಬಿಕೊಳ್ಳುವುದಿಲ್ಲ.

ಮುಂದಿನ ಎರಡು ಚಕ್ರಗಳಿಗೆ ಮಾತ್ರ ಬ್ಯಾಲೆನ್ಸಿಂಗ್ ಮಾಡಿಸಿ ಉಳಿತಾಯ ಎಂದುಕೊಳ್ಳುವುದು ಇನ್ನೊಂದು. ಸೀಟಿನಡಿಯ ನಡುಕ ಹಿಂದಿನ ಚಕ್ರದ್ದೇ ಆಗಿರಬಹುದು. ರೀಟ್ರೆಡ್ ಟೈರುಗಳನ್ನು ಮುಂದೆ ಹಾಕುವುದೂ ಬೇಡ. ಎಷ್ಟೇ ಚೆನ್ನಾಗಿ ಮಾಡಿದ್ದರೂ ದುಂಡಗೆ ತಿರುಗುವುದರಲ್ಲಿ ಅವು ಹೊಸ ಟೈರಿಗೆ ಸಮವಲ್ಲ.

ಎಲ್ಲಕ್ಕಿಂತ ದುಬಾರಿಯಾದ ತಪ್ಪೆಂದರೆ ಒಂದೇ ದಿನ ನಾಲ್ಕು ಕೆಲಸ ಮಾಡಿಸುವುದು. ಸರಿಹೋದರೆ ಯಾವುದರಿಂದ ಎಂದು ಗೊತ್ತಾಗದು, ಕೆಟ್ಟರೆ ಯಾವುದು ಕೆಡಿಸಿತು ಎಂದೂ ಗೊತ್ತಾಗದು. ಒಂದು ಕೆಲಸ, ಅದೇ ರಸ್ತೆ, ಅದೇ ವೇಗ, ಅಷ್ಟೇ ಲೋಡು, ಮತ್ತೆ ಬರಹ. ಹೀಗೇ ಸಾಗಿ.

ಓಡಿಸಲೇಬಾರದು ಎನ್ನುವ ಹೊತ್ತು

ಟೈರಿನಲ್ಲಿ ಉಬ್ಬು ಕಂಡರೆ, ನಡುಕ ಕೆಲವೇ ಕಿ.ಮೀ.ಗಳಲ್ಲಿ ಏರುತ್ತಾ ಹೋದರೆ, ಒಂದು ಹಬ್ ಮಾತ್ರ ಕೈಯಿಡಲಾಗದಷ್ಟು ಬಿಸಿಯಾದರೆ, ಗೇರ್ ಬದಲಿಸಿದಾಗಲೆಲ್ಲ ಅಡಿಯಿಂದ ಟಣ್ ಎಂದು ಬಡಿದರೆ ಗಾಡಿಯನ್ನು ಪಕ್ಕಕ್ಕೆ ನಿಲ್ಲಿಸಿ. ಮುಂದಿನ ಕ್ರಾಸ್ ಮುರಿದು ಶಾಫ್ಟಿನ ತುದಿ ನೆಲಕ್ಕೆ ಬಿದ್ದರೆ ರಸ್ತೆಗೆ ನಾಟಿಕೊಂಡು ಗಾಡಿಯನ್ನೇ ಎತ್ತಬಲ್ಲದು. ಶಾಫ್ಟಿನ ಕೆಳಗೆ ಕಂಪನಿ ಕೊಟ್ಟ ಕಬ್ಬಿಣದ ಸುರಕ್ಷಾ ಪಟ್ಟಿ ಇದ್ದರೆ, ರಿಪೇರಿಯಾದ ಮೇಲೆ ಅದನ್ನು ವಾಪಸ್ ಹಾಕಿದ್ದಾರೆಯೇ ಎಂದು ಬಗ್ಗಿ ನೋಡಿಕೊಳ್ಳಿ.

ಚಕ್ರ ಬಿಚ್ಚಿದ ಯಾವ ಕೆಲಸವೇ ಆಗಿರಲಿ, 50ರಿಂದ 100 ಕಿ.ಮೀ. ಓಡಿದ ಮೇಲೆ ಗಾಡಿ ನಿಲ್ಲಿಸಿ ನಟ್‌ಗಳನ್ನು ಇನ್ನೊಮ್ಮೆ ಬಿಗಿ ನೋಡಿ. ಪಾನಾ ಸೀಟಿನ ಹಿಂದೆಯೇ ಇರಲಿ.